ಒಂದೇ ಬೋರಿಗೆ ಮೂರು ಹೆಸರು: ಡ್ರಿಲ್ಲಿಂಗ್ ಡೇಟಾ ಎಲ್ಲಿಂದ ಸರಿ ಮಾಡಲಿ?

ಸೇಡಂ_ಕೋರ್:
ಎಲ್ಲರಿಗೂ ನಮಸ್ಕಾರ. ಸೇಡಂ ಕಡೆ ಸುಣ್ಣದ ಕಲ್ಲಿನ ಬ್ಲಾಕ್‌ಗಳಲ್ಲಿ ಕೋರ್ ಡ್ರಿಲ್ಲಿಂಗ್ ನೋಡಿಕೊಳ್ಳುವ ಜಿಯಾಲಜಿಸ್ಟ್ ನಾನು. ಕೋರ್ ಅಂದರೆ ಬೋರ್ ಕೊರೆಯುವಾಗ ಒಳಗಿಂದ ಕೋಲಿನಂತೆ ಹೊರಬರುವ ಕಲ್ಲು. ನಮ್ಮದು ಹನ್ನೊಂದು ಜನರ ಸಣ್ಣ ಕಂಪನಿ. ಸೈಟಿನಲ್ಲಿ ಜಿಯಾಲಜಿಸ್ಟ್ ಅಂತ ಇರುವವಳು ನಾನೊಬ್ಬಳೇ. ತೊಗರಿ ಕಟಾವಾದ ಮೇಲೆ ಹೊಲಕ್ಕೆ ರಿಗ್ ಇಳಿಯುತ್ತದೆ. ಮಳೆ ಬಿದ್ದು ಎರೆ ಮಣ್ಣು ಹಸಿಯಾದರೆ ಗಾಡಿ ಹೂತುಹೋಗುತ್ತದೆ, ಕೆಲಸ ಬಂದ್. ಆ ಕೆಲವೇ ತಿಂಗಳಲ್ಲಿ ಸಿಕ್ಕ ಡೇಟಾ ನಂಬಿಕೊಂಡೇ ಉಳಿದ ಕೆಲಸವೆಲ್ಲ.

ಈಗ ತೊಂದರೆ ಕೊಟ್ಟ ಒಂದು ಬೋರ್ ಇದೆ. ಡ್ರಿಲ್ಲರ್ ಡೈರಿಯಲ್ಲಿ ಅದು 'ಬೇವಿನ ಗಿಡದ ಬೋರ್'. ನನ್ನ ಲಾಗ್ ಶೀಟಿನಲ್ಲಿ 'ಎಸ್‌ಡಿ-14'. ಲ್ಯಾಬಿಗೆ ಹೋದ ಚೀಲದ ಚೀಟಿಯಲ್ಲಿ ಬರೀ '14'. ಪಕ್ಕದ ಬ್ಲಾಕಿನಲ್ಲೂ ಒಂದು 14 ಇತ್ತು. ಎರಡರ ರಿಪೋರ್ಟ್ ಅದಲುಬದಲಾಯಿತು. ಮೆಗ್ನೀಷಿಯಂ ಜಾಸ್ತಿ ಇರುವ ಕಲ್ಲನ್ನು ಒಳ್ಳೆ ಸಿಮೆಂಟ್ ಕಲ್ಲು ಅಂತ ಲೆಕ್ಕಕ್ಕೆ ಹಿಡಿದೆವು. ನನಗೆ ಯಾಕೋ ಅನುಮಾನ ಬಂದು ಕೋರ್ ಬಾಕ್ಸ್ ತೆಗೆಸಿ ಆ್ಯಸಿಡ್ ಹನಿ ಹಾಕಿದೆ. ಸುಣ್ಣದ ಕಲ್ಲಿಗೆ ಬರಬೇಕಾದ ಬುರುಗು ಬರಲೇ ಇಲ್ಲ. ಆಗ ಗೊತ್ತಾಯಿತು.

ಈಗ ಸಾಹೇಬರು 'ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಮಾಡಿಸೋಣ, ಒಂದು ಸಾಫ್ಟ್‌ವೇರ್ ನೋಡು' ಅಂತಿದ್ದಾರೆ. ಅಂದರೆ ಕಂಪನಿಯ ಕೆಲಸ, ಮಾಹಿತಿ, ಕಂಪ್ಯೂಟರ್ ಎಲ್ಲ ಒಂದಕ್ಕೊಂದು ಹೇಗೆ ಹೊಂದಬೇಕು ಅನ್ನೋ ನಕ್ಷೆ. ಇಷ್ಟು ಸಣ್ಣ ಕಂಪನಿಗೆ ಅದು ಬೇಕಾ? ಎಲ್ಲಿಂದ ಶುರು ಮಾಡಲಿ?

ಬೀದರ್_ಡೇಟಾ:
ಅಕ್ಕಾ, ಸಾಫ್ಟ್‌ವೇರ್ ಈಗಲೇ ಕೊಳ್ಳಬೇಡಿ. ಆರ್ಕಿಟೆಕ್ಚರ್ ಬೇಕು, ಆದರೆ ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಟೋಗಾಫ್ ಅನ್ನೋ ಪದ್ಧತಿಯಲ್ಲಿ ನಾಲ್ಕು ಪದರ ಹೇಳ್ತಾರೆ: ಕೆಲಸ, ಡೇಟಾ, ಅಪ್ಲಿಕೇಶನ್, ತಂತ್ರಜ್ಞಾನ. ನಮ್ಮವರು ಕೊನೇದರಿಂದ ಶುರು ಮಾಡಿ ದುಡ್ಡು ಕಳಕೊಳ್ತಾರೆ. ಟೋಗಾಫ್ ತಂದ ಓಪನ್ ಗ್ರೂಪ್‌ನವರೇ ಗಣಿ ಮತ್ತು ಅನ್ವೇಷಣೆ ಕೆಲಸಕ್ಕೆ ಒಂದು ಮಾದರಿ ನಕ್ಷೆ ಮಾಡಿದ್ದಾರೆ. ಅದನ್ನು ಒಮ್ಮೆ ನೋಡಿ, ಪೂರ್ತಿ ಓದುವ ಅಗತ್ಯವಿಲ್ಲ.

ಮೊದಲು ಒಂದು ದೊಡ್ಡ ಹಾಳೆ ತಗೊಳ್ಳಿ. ಜಾಗ ಗುರುತು ಮಾಡುವ ದಿನದಿಂದ ಅಂತಿಮ ವರದಿ ತನಕ ಒಂದು ಬೋರಿನ ದಾರಿ ಬರೆಯಿರಿ. ಪ್ರತಿ ಹೆಜ್ಜೆಗೂ ಈ ಮಾಹಿತಿ ಮೊದಲು ಯಾರ ಕೈಯಲ್ಲಿ ಹುಟ್ಟುತ್ತದೆ, ತಿದ್ದುವ ಹಕ್ಕು ಯಾರಿಗೆ ಅಂತ ಕೇಳಿ. ಹೆಸರು ಒಬ್ಬರೇ ಕೊಡಬೇಕು. ರಿಗ್ ಹೊಲಕ್ಕೆ ಬರುವ ಮುಂಚೆಯೇ ಕೊಡಬೇಕು. ಬ್ಲಾಕಿನ ಗುರುತು ಆ ಹೆಸರಿನೊಳಗೇ ಇರಲಿ. ಡೈರಿ, ಬಾಕ್ಸ್, ಚೀಟಿ ಎಲ್ಲದರ ಮೇಲೂ ಅದೇ ಹೆಸರು. ನಿಮ್ಮ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಕಲಬುರಗಿ_ಸರ್ವೆ:
ಹೆಸರಿನ ಜೊತೆ ಜಾಗವನ್ನೂ ಗಟ್ಟಿ ಮಾಡಿಕೊಳ್ಳಿ ಮೇಡಂ. ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಜಾಗ ಹೇಳುವ ಯುಟಿಎಂ ಪದ್ಧತಿಯಲ್ಲಿ ನಮ್ಮ ಜಿಲ್ಲೆ 43ನೇ ವಲಯ. ಹೈದರಾಬಾದ್ 44. ಅಲ್ಲಿಂದ ಬಂದ ಒಬ್ಬರು ತಮ್ಮ ರೂಢಿಯ 44ರಲ್ಲೇ ನಮ್ಮ ಅಂಕಿ ಹಾಕಿದ್ದರು. ಸೇಡಂ ಬೋರ್ ವಿಶಾಖಪಟ್ಟಣದ ದಕ್ಷಿಣಕ್ಕೆ ಸಮುದ್ರದಲ್ಲಿ ಕಂಡಿತು. ಅದು ತಕ್ಷಣ ಗೊತ್ತಾಗುತ್ತದೆ. ನನಗೆ ಭಯ ಇನ್ನೊಂದರದ್ದು. ಡೇಟಮ್ ಅಂದರೆ ಜಾಗ ಅಳೆಯಲು ಆಧಾರವಾಗಿ ಹಿಡಿದ ಭೂಮಿಯ ಆಕಾರ ಮತ್ತು ನೆಲೆ. ಹಳೇ ಟೋಪೋಶೀಟ್ (ಸರ್ವೆ ನಕ್ಷೆ) ಎವರೆಸ್ಟ್ ಡೇಟಮ್‌ನಲ್ಲಿದೆ, ಜಿಪಿಎಸ್ ಡಬ್ಲ್ಯೂಜಿಎಸ್ 84ರಲ್ಲಿ. ಎರಡೂ ಕಲೆಸಿದರೆ ಬೋರ್ ನೂರು ಮೀಟರಿಗೂ ಜಾಸ್ತಿ ಸರಿಯುತ್ತದೆ, ಪಕ್ಕದ ಹೊಲದಲ್ಲಿ ಕೂರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಪ್ರತಿ ಅಂಕಿಯ ಪಕ್ಕ ವಲಯ, ಡೇಟಮ್ ಎರಡೂ ಬರೆದಿರಲೇಬೇಕು.

ಯಾದಗಿರಿ_ಹಳಬ:
ತಂಗಿ, ನಾನು ಕೆಲಸದಿಂದ ನಿವೃತ್ತ. ಭೀಮಾ ಕಣಿವೆಯ ಕಲ್ಲು ತುಂಬಾ ವರ್ಷ ನೋಡಿದ್ದೇನೆ. ನಾಲ್ಕು ಪಟ್ಟಿ ಬೇರೆ ಬೇರೆ ಇಡು: ಬೋರಿನ ಬಾಯಿ ಎಲ್ಲಿದೆ, ಅದು ಒಳಗೆ ಎತ್ತ ವಾಲಿದೆ, ಎಷ್ಟರಿಂದ ಎಷ್ಟು ಮೀಟರ್ ಯಾವ ಕಲ್ಲು, ಎಷ್ಟರಿಂದ ಎಷ್ಟಕ್ಕೆ ಲ್ಯಾಬ್ ಏನು ಹೇಳಿತು. ನಾಲ್ಕನ್ನೂ ಬೋರಿನ ಹೆಸರೇ ಕಟ್ಟಿಹಾಕಬೇಕು.

ಲ್ಯಾಬಿನಿಂದ ಬಂದ ಫೈಲನ್ನು ಯಾರೂ ಮುಟ್ಟಬಾರದು. ತಿದ್ದುವುದಿದ್ದರೆ ಪಕ್ಕದಲ್ಲಿ ಬರೆ, ಯಾಕೆ ಅಂತಲೂ ಬರೆ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿ ಕಡೆ ಯುರೇನಿಯಂ ಬಿರುಕುಬಿಟ್ಟ ಸುಣ್ಣದ ಕಲ್ಲಿನಲ್ಲೂ ಅದರ ಕೆಳಗಿನ ಗ್ರಾನೈಟಿನಲ್ಲೂ ಇದೆ. ಅಂಥ ಕಲ್ಲಿನಲ್ಲಿ ಕೋರ್ ಪುಡಿಯಾಗಿ ಸ್ವಲ್ಪ ಕಳೆದೇ ಹೋಗುತ್ತದೆ. ಬೋರಿನೊಳಗೆ ಇಳಿಸಿ ವಿಕಿರಣ ಅಳೆಯುವ ಗಾಮಾ ಯಂತ್ರ ಹೇಳುವ ಆಳಕ್ಕೂ ಬಾಕ್ಸಿನಲ್ಲಿ ಕಾಣುವ ಆಳಕ್ಕೂ ತಾಳೆ ಬೀಳುವುದಿಲ್ಲ. ಒಂದನ್ನು ಅಳಿಸಿ ಇನ್ನೊಂದನ್ನು ಬರೆದರೆ ಸತ್ಯ ಹೋಯಿತು. ಎರಡೂ ಇರಲಿ, ಎಷ್ಟು ಕೋರ್ ಕೈಗೆ ಬಂತು ಅನ್ನೋದೂ ಇರಲಿ.

ಇನ್ನೊಂದು ಮಾತು. ನಮ್ಮ ಕಡೆ ಹುಡುಗರು ನೀರಿನ ಬೋರ್ ಹೊಡೆದು ಬಂದವರು, ಫೂಟಿನಲ್ಲಿ ಮಾತಾಡುತ್ತಾರೆ. ರಾಡ್ ಎಣಿಸುವವನ ಹತ್ತಿರ ಹೋಗಿ ಕೂತು ನೋಡು.

ಸೇಡಂ_ಕೋರ್:
ಎಲ್ಲರಿಗೂ ತುಂಬಾ ಧನ್ಯವಾದ. ಕಾಕಾ, ನೀವು ಹೇಳಿದಂತೆ ನಿನ್ನೆ ರಿಗ್ ಹತ್ತಿರ ಕೂತಿದ್ದೆ. ಹುಡುಗ ರಾಡ್‌ಗಳನ್ನು ಫೂಟಿನಲ್ಲೇ ಎಣಿಸುತ್ತಾನೆ. ಸಂಜೆ ನೆನಪಿನಿಂದ ಮೀಟರ್ ಮಾಡಿ ಬಾಕ್ಸಿನ ಮರದ ತುಂಡಿನ ಮೇಲೆ ಬರೆಯುತ್ತಾನೆ. ಅದು ನನಗೆ ಗೊತ್ತೇ ಇರಲಿಲ್ಲ. ಇವತ್ತಿನಿಂದ ಅವನು ಎಣಿಸಿದ ಫೂಟೇ ಡೈರಿಗೆ ಬರುತ್ತದೆ, ಅವನ ಕೈಯಿಂದಲೇ. ಮೀಟರ್ ನಾನು ಮಾಡುತ್ತೇನೆ. ದೊಡ್ಡ ಹಾಳೆ ಆಫೀಸಿನ ಗೋಡೆಗೆ ಅಂಟಿಸಿದ್ದೇನೆ. ಅದರಲ್ಲಿ ಅವನ ಹೆಸರು ಮೊದಲಿಗಿದೆ.

ಬೀದರ್ ತಮ್ಮಾ, ಹಳೇ 38 ಬೋರ್‌ಗಳಿಗೆ ಹೊಸ ಹೆಸರು ಕೊಟ್ಟರೆ ಹಳೇ ಹೆಸರನ್ನು ಏನು ಮಾಡಲಿ?

ಬೀದರ್_ಡೇಟಾ:
ಯಾವುದನ್ನೂ ಬಿಸಾಡಬೇಡಿ ಅಕ್ಕಾ. ಒಂದು ಬೇರೆ ಪಟ್ಟಿ ಮಾಡಿ, ಹೊಸ ಹೆಸರಿನ ಎದುರು ಎಲ್ಲ ಹಳೇ ಹೆಸರೂ ಹಾಕಿ. 'ಬೇವಿನ ಗಿಡದ ಬೋರ್' ಕೂಡ.