ಸಪೂರ ಆಗಲು ಎಚ್‌ಸಿಜಿ ಹನಿ: ಅಕ್ಕ ತೆಗೆದುಕೊಳ್ಳಬಹುದಾ?

ಬದಿಯಡ್ಕದ ತಂಗಿ:
ಅಕ್ಕನಿಗೆ ಹೆರಿಗೆಯಾಗಿ ವರ್ಷ ಕಳೆಯಿತು, ತೂಕ ಇಳಿದಿಲ್ಲ. ದುಬೈಯಿಂದ ಬಂದ ನಾದಿನಿ ಎಚ್‌ಸಿಜಿ ಹನಿಯ ಬಾಟ್ಲಿ ಕೊಟ್ಟಿದ್ದಾರೆ. ನಾಲಗೆಯ ಅಡಿಗೆ ಬಿಡಬೇಕಂತೆ, ಜೊತೆಗೆ ದಿನಕ್ಕೆ 500 ಕ್ಯಾಲೊರಿ ಊಟ. ಬಾಟ್ಲಿಯ ಮೇಲೆ ಸಪೂರ ಸೊಂಟದ ಚಿತ್ರ ಇದೆ, ತಯಾರಿಸಿದವರ ಹೆಸರೇ ಇಲ್ಲ. ಮಗುವಿಗಾಗಿ ಮಂಗಳೂರಿನಲ್ಲಿ ಮದ್ದು ಮಾಡುವಾಗ ಅಕ್ಕನಿಗೆ ಎಚ್‌ಸಿಜಿ ಇಂಜೆಕ್ಷನ್ ಕೊಟ್ಟಿದ್ದರು. "ಅದೇ ಮದ್ದು ತಾನೇ?" ಅಂತಾಳೆ. ಮಗು ಇನ್ನೂ ಹಾಲು ಕುಡಿಯುತ್ತದೆ. ನನಗೆ ಹೆದರಿಕೆ.

ನೀರ್ಚಾಲಿನ ನರ್ಸ್:
ತಂಗಿ, ಆ ಬಾಟ್ಲಿ ತೆರೆಯುವುದು ಬೇಡ. ನಾನು ಬಂಜೆತನ ಚಿಕಿತ್ಸೆಯ ವಿಭಾಗದಲ್ಲೇ ಕೆಲಸ ಮಾಡುವವಳು, ಈ ಇಂಜೆಕ್ಷನ್ ನನ್ನ ಕೈಯಲ್ಲೇ ಕೊಡುತ್ತೇನೆ. ಎಚ್‌ಸಿಜಿ ಗರ್ಭಿಣಿಯ ಮಾಸು ತಯಾರಿಸುವ ಹಾರ್ಮೋನ್. ಮೂತ್ರದ ಪಟ್ಟಿಯಲ್ಲಿ ಎರಡು ಗೆರೆ ಬರುವುದು ಅದರಿಂದಲೇ. ಅಂಡ ಬಲಿತದ್ದು ಸ್ಕ್ಯಾನ್‌ನಲ್ಲಿ ಕಂಡ ಮೇಲೆ 5,000 ಅಥವಾ 10,000 ಯೂನಿಟ್ ಚುಚ್ಚುತ್ತೇವೆ, ಸುಮಾರು 36 ಗಂಟೆಯಲ್ಲಿ ಅಂಡ ಹೊರಬರುತ್ತದೆ. ಗಳಿಗೆ ನೋಡಿ ಕೊಡುವ ಮದ್ದು ಅದು. ಕೆಲವರಿಗೆ ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅದಕ್ಕೇ ನಾವು ಕಣ್ಣಿಟ್ಟಿರುತ್ತೇವೆ.

ತೂಕದ ಕಥೆ 1954ರದ್ದು. ರೋಮ್‌ನಲ್ಲಿದ್ದ ಸಿಮಿಯನ್ಸ್ ಎಂಬ ಬ್ರಿಟಿಷ್ ಡಾಕ್ಟರ್ 500 ಕ್ಯಾಲೊರಿ ಊಟದ ಜೊತೆ ಸಣ್ಣ ಪ್ರಮಾಣದ ಎಚ್‌ಸಿಜಿ ಚುಚ್ಚಿ, ತೂಕ ಇಳಿಯುತ್ತದೆ, ಹಸಿವೂ ಕಾಡುವುದಿಲ್ಲ ಅಂದರು. ಆಮೇಲೆ ಬೇರೆಯವರು ಕೆಲವರಿಗೆ ಎಚ್‌ಸಿಜಿ, ಕೆಲವರಿಗೆ ಬರೀ ಉಪ್ಪುನೀರು ಚುಚ್ಚಿ ನೋಡಿದರು. ಊಟ ಇಬ್ಬರಿಗೂ ಒಂದೇ. ತೂಕ ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಇಳಿಯಿತು! ಇಳಿಸಿದ್ದು ಅರೆಹೊಟ್ಟೆ.

500 ಕ್ಯಾಲೊರಿ ಅಂದರೆ ಎಷ್ಟು ಗೊತ್ತಾ? ಬರೀ ಅನ್ನವಾದರೆ ಎರಡೂವರೆ ಕಪ್, ಅಲ್ಲಿಗೆ ದಿನದ ಲೆಕ್ಕ ಮುಗಿಯಿತು. ಸಾರಿಲ್ಲ, ಬಂಗುಡೆ ಇಲ್ಲ, ಚಟ್ನಿಯ ತೆಂಗಿನಕಾಯಿಗೂ ಜಾಗ ಇಲ್ಲ. ಹಾಲೂಡಿಸುವ ತಾಯಿಗೆ ಜಾಸ್ತಿ ಊಟ ಬೇಕು, ಅದರಲ್ಲಿ ಕಡಿಮೆ ಮಾಡುವುದಾ? ಇಷ್ಟು ಕಮ್ಮಿ ತಿಂದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಎದೆಬಡಿತದ ತಾಳವೂ ತಪ್ಪಬಹುದು.

ಕುಂಬಳೆ ಮೆಡಿಕಲ್:
ನರ್ಸ್ ಅಕ್ಕ ಹೇಳಿದ್ದು ಸರಿ. ಎಚ್‌ಸಿಜಿ ಒಂದು ಪ್ರೋಟೀನ್, ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಇಂಥ ಹನಿ ಮಾರುವವರಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಕೆ ಕೊಟ್ಟಿದೆ. ಗಂಡಸರಿಗೂ ಈ ಇಂಜೆಕ್ಷನ್ ಉಂಟು, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ತೊಂದರೆಯಿಂದ ವೀರ್ಯ ಕಮ್ಮಿಯಾದವರಿಗೆ. ಅದಕ್ಕೂ ಡಾಕ್ಟರ್ ಚೀಟಿ ಬೇಕು.

ಬದಿಯಡ್ಕದ ತಂಗಿ:
ಅಕ್ಕನಿಗೆ ಓದಿ ಹೇಳಿದೆ. "ಮತ್ತೆ ಈ ತೂಕಕ್ಕೆ ಏನು ಮಾಡಲಿ?" ಅಂತ ಕೇಳುತ್ತಾಳೆ. ಯಾವಾಗಲೂ ಸುಸ್ತು, ಕೂದಲೂ ಉದುರುತ್ತದೆ.

ನೀರ್ಚಾಲಿನ ನರ್ಸ್:
ಹಾಗಾದರೆ ಮೊದಲು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆರಿಗೆಯಾದ ಮೇಲೆ ಕೆಲವರಿಗೆ ಅದು ಕೈಕೊಡುತ್ತದೆ, ತೂಕ ಇಳಿಯದಿರಲು ಅದೂ ಕಾರಣ ಇರಬಹುದು. ಹತ್ತಿರದ ಲ್ಯಾಬ್‌ನಲ್ಲೇ ಟಿಎಸ್‌ಎಚ್, ಅಂದರೆ ಥೈರಾಯ್ಡ್‌ನ ರಕ್ತಪರೀಕ್ಷೆ, ನೋಡುತ್ತಾರೆ. ರಿಪೋರ್ಟ್ ಹಿಡಿದು ಹೆರಿಗೆ ಮಾಡಿಸಿದ ಡಾಕ್ಟರನ್ನೇ ಕಾಣಲಿ. ಹನಿಯ ಬಾಟ್ಲಿಯನ್ನೂ ತೋರಿಸಲಿ.