ಅಸಾಕುಸಾದ ಸಾಂಬಾ, ನಮ್ಮನೆ ಕನ್ನಡ

ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ಮಗ ಜಪಾನಿ ಶಾಲೆಗೆ ಹೋಗ್ತಾನೆ, ಕನ್ನಡದಲ್ಲಿ ಕೇಳಿದರೆ ಜಪಾನಿಯಲ್ಲಿ ಉತ್ತರ ಕೊಡ್ತಾನೆ, ಏನು ಮಾಡೋದು ಅಂತ. ನಮ್ಮನೇಲೂ ಅದೇ ಕಥೆ. ಮದ್ದು ನನ್ನ ಹತ್ತಿರ ಇಲ್ಲ, ಕಣ್ಣಾರೆ ಕಂಡದ್ದೊಂದು ಹೇಳ್ತೀನಿ.

ನಾವಿರೋದು ಟೋಕಿಯೋದ ನಿಶಿ-ಕಸಾಯ್‌ನಲ್ಲಿ. ನಿಹೊಂಬಾಶಿಯಲ್ಲಿ ಇಳಿದು ಗಿಂಝಾ ಲೈನ್ ಮೆಟ್ರೊ ಹತ್ತಿದರೆ ಕೊನೇ ಸ್ಟೇಷನ್ ಅಸಾಕುಸಾ. ಸೆನ್ಸೋಜಿ ದೇವಸ್ಥಾನದ ಬಾಗಿಲಲ್ಲಿ ತೂಗುವ ದೊಡ್ಡ ಕೆಂಪು ಲಾಟೀನಿನ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಂಡಿರ್ತೀರಿ. ಆ ಬಾಗಿಲ ಮುಂದಿನ ರಸ್ತೆಯಲ್ಲೇ ಸಾಂಬಾ ಕಾರ್ನಿವಲ್, ಅಂದರೆ ಬ್ರೆಜಿಲಿನ ಸಾಂಬಾ ಕುಣಿತದ ಮೆರವಣಿಗೆ, ನಡೆಯೋದು. ಒಂದು ಕಾಲಕ್ಕೆ ನಾಟಕ, ಸಿನಿಮಾ ಅಂತ ಗಿಜಿಗುಡುತ್ತಿದ್ದ ಆ ಪೇಟೆ, ಜನ ಶಿಂಜುಕು, ಶಿಬುಯಾ ಕಡೆ ತಿರುಗಿದ ಮೇಲೆ ಕಳೆಗುಂದಿತ್ತು. ಮತ್ತೆ ಜನ ಬರಲಿ ಅಂತ ಅಸಾಕುಸಾ ಇರುವ ತಾಯ್ತೋ ವಾರ್ಡಿನ ಆಗಿನ ಮೇಯರ್, ಹಾಸ್ಯನಟ ಬಾನ್ ಜುನ್‌ಝಾಬುರೊ ಸೇರಿ ಯೋಚಿಸಿದ್ದು ಇದು. 1981ರಲ್ಲಿ ಶುರುವಾಯಿತು. ಅಂದರೆ ಅಂಗಡಿ ಬೀದಿಗಾಗಿ ತಂದ ಹಬ್ಬ. ಭಕ್ತಿಗಾಗಿ ಅಲ್ಲ, ಬ್ರೆಜಿಲಿನವರು ಶುರು ಮಾಡಿದ್ದೂ ಅಲ್ಲ.

ಹೋದ ಸಲ ಮಗಳನ್ನ ಕರಕೊಂಡು ಹೋದಾಗ ಕುಣಿಯುವವರಲ್ಲಿ ಬ್ರೆಜಿಲಿನವರನ್ನೇ ಹುಡುಕುತ್ತಿದ್ದೆ. ಸಿಕ್ಕಿದ್ದು ಕೆಲವರು, ಮಿಕ್ಕವರೆಲ್ಲ ಜಪಾನಿಯರೇ. ಗರಿಯ ಕಿರೀಟದ ಹುಡುಗಿಯರನ್ನ ಬಿಡಿ, ನನ್ನ ಕಣ್ಣು ನಿಂತದ್ದು ಬಾಯಾನಾಗಳ ಮೇಲೆ. ಅಗಲ ಘೇರಿನ ಲಂಗ ತೊಟ್ಟು ಬುಗುರಿ ಹಾಗೆ ತಿರುಗುವ ಹಿರಿಯ ಹೆಂಗಸರ ಸಾಲು ಅದು. ನಮ್ಮ ಕಟ್ಟಡದ ಕೆಳಗೆ ಗಿಡಕ್ಕೆ ನೀರು ಹಾಕುವ ಅಜ್ಜಿಯಂಥವರೇ, ಬ್ರೆಜಿಲಿನ ಭಾಷೆ ಪೋರ್ಚುಗೀಸಿನ ಹಾಡು ಬಾಯಿಪಾಠ ಮಾಡಿ ಹೇಳ್ತಿದ್ರು. ಹಿಂದೆ ಸೊಂಟಕ್ಕೆ ಕಟ್ಟಿದ ಸುರ್ದು ಅನ್ನೋ ದೊಡ್ಡ ವಾದ್ಯ. "ಅಪ್ಪಾ, ಇದು ಡೊಳ್ಳಾ?" ಅಂದಳು ಮಗಳು. ಕನ್ನಡದಲ್ಲಿ!

ಇದರ ಇನ್ನೊಂದು ಮುಖವೂ ಇದೆ. 1908ರಲ್ಲಿ ಕಸಾತೊ ಮಾರು ಹಡಗಿನಲ್ಲಿ 781 ಜನ ಕೋಬೆಯಿಂದ ಬ್ರೆಜಿಲಿನ ಕಾಫಿ ತೋಟಗಳಿಗೆ ದುಡಿಯೋಕೆ ಹೋದರು. ಅಂಥವರ ಮಕ್ಕಳು, ಮೊಮ್ಮಕ್ಕಳಿಗೆ 1990ರ ಕಾನೂನು ಜಪಾನಿನ ಬಾಗಿಲು ತೆರೆಯಿತು. ಹಮಾಮಾತ್ಸು, ಗುನ್ಮಾದ ಓಯ್‌ಝುಮಿಯ ಕಾರ್ಖಾನೆಗಳು ತುಂಬಿಕೊಂಡವು. ಮುಖ ಜಪಾನಿ, ನಾಲಿಗೆ ಪೋರ್ಚುಗೀಸ್. ಶಾಲೆಯಲ್ಲಿ ಆ ಮಕ್ಕಳು ಪಟ್ಟ ಪಾಡು ಕಡಿಮೆಯಲ್ಲ. 2009ರಲ್ಲಿ ಇವರಲ್ಲಿ ಕೆಲಸ ಹೋದವರಿಗೆ ತಲಾ 3 ಲಕ್ಷ ಯೆನ್ ಕೊಟ್ಟು ವಾಪಸ್ ಹೋಗಿ ಅಂತ ಸರ್ಕಾರವೇ ಹೇಳಿತು. ಸಾಂಬಾ ಬೇಕು, ಸಾಂಬಾದವರು ಬೇಡ. ಪರದೇಶದ ಚಪ್ಪಾಳೆ ಕೇಳಿ ಮೈಮರೆಯಬಾರದು ಅನ್ನಿಸೋದು ಇಂಥದ್ದಕ್ಕೇ.

ಆದರೂ ಆ ಅಜ್ಜಿಯರದು ನಾಲ್ಕು ದಿನದ ಹುರುಪಲ್ಲ, ತಿಂಗಳುಗಟ್ಟಲೆ ತಾಲೀಮು. ನಾವೋ, ರಾಜ್ಯೋತ್ಸವಕ್ಕೆ ಹತ್ತು ದಿನ ಇದೆ ಅನ್ನುವಾಗ ಮಕ್ಕಳ ಕೈಗೆ ಬಾವುಟ ಕೊಟ್ಟು, ಮೊಬೈಲಿನಲ್ಲಿ ಹಾಡು ಹಾಕಿ, "ಕುಣಿ" ಅಂತೀವಿ. ಆಮೇಲೆ ಮುಂದಿನ ನವೆಂಬರೇ. (ನಾನೂ ಅದನ್ನೇ ಮಾಡಿದವನು, ಬೈಕೋಬೇಡಿ.) ಕೂತು ಕನ್ನಡ ಕಲಿ ಅಂದರೆ ನನ್ನ ಮಗಳು ಓಡಿಹೋಗ್ತಾಳೆ, ಬಡಿಯೋಕೆ ಏನಾದರೂ ಕೊಟ್ಟರೆ ನಿಲ್ತಾಳೆ, ಪದವೂ ಜೊತೆಗೆ ಬರತ್ತೆ.

ಅಪಾರ್ಟ್‌ಮೆಂಟಿನಲ್ಲಿ ಬಡಿದರೆ ಪಕ್ಕದವರು ಸುಮ್ಮನಿರಲ್ಲ. ಶನಿವಾರ ಬೆಳಿಗ್ಗೆ ಅರಕಾವಾ ನದಿ ದಂಡೆಯಲ್ಲಿ ಸೇರಬಹುದಾ? ನಾಲ್ಕು ಮನೆಯವರು ಬಂದರೂ ಸಾಕು. ಊರಿಂದ ತಮಟೆ ತಂದವರು ಯಾರಾದರೂ ಇದ್ದರೆ, ಚರ್ಮದ್ದು ಅಂತ ಏರ್‌ಪೋರ್ಟಿನಲ್ಲಿ ಏನಾದರೂ ಕೇಳಿದರಾ, ದಯವಿಟ್ಟು ತಿಳಿಸಿ. ಡಿಸೆಂಬರಿನಲ್ಲಿ ಹಾಸನಕ್ಕೆ ಹೋಗ್ತಿದ್ದೀವಿ.