‘ಕ್ಯಾಲಿಬ್ರೇಷನ್’ ಅಂದರೆ ಸರಿಮಾಡುವುದಲ್ಲ, ಹಾಗಾದರೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಪೀಣ್ಯದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಕಾರಿನ ರೇಡಾರುಗಳನ್ನು ಪರೀಕ್ಷಿಸುತ್ತೇವೆ. ಡಿಪ್ಲೊಮಾ ಮುಗಿಸಿ ಬರುವ ಹುಡುಗರಿಗೆ ಅಂತ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ: ಕ್ಯಾಲಿಬ್ರೇಷನ್.

ಸಂದರ್ಭ ಹೀಗಿದೆ. ಈ ರೇಡಾರುಗಳು 76ರಿಂದ 81 ಗಿಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ಯಾವ ಆವರ್ತನದಲ್ಲಿ ಸಿಗ್ನಲ್ ಎಷ್ಟು ಬಲವಾಗಿದೆ ಅಂತ ಪರದೆಯಲ್ಲಿ ತೋರಿಸುವ ನಮ್ಮ ಸ್ಪೆಕ್ಟ್ರಮ್ ಅನಲೈಸರ್ ಅಷ್ಟು ಮೇಲಕ್ಕೆ ಏರುವುದಿಲ್ಲ. ಅದಕ್ಕೆ ಹೊರಗಿನಿಂದ ಒಂದು ಮಿಕ್ಸರ್ ಸಿಕ್ಕಿಸುತ್ತೇವೆ. ಬೆಂಕಿಪೊಟ್ಟಣದಷ್ಟು ಲೋಹದ ತುಂಡು. ಮುಂದೆ 2.54 ಮಿ.ಮೀ. ಉದ್ದ, 1.27 ಮಿ.ಮೀ. ಅಗಲದ ಕಿಂಡಿ, ಹೆಚ್ಚುಕಮ್ಮಿ ಎಳ್ಳುಕಾಳಿನಷ್ಟು. ಅನಲೈಸರಿನಿಂದ ಬರುವ ಸಿಗ್ನಲಿನ ಹಾರ್ಮೋನಿಕ್ (ಅದರ ಆವರ್ತನದ ಇಷ್ಟು ಪಟ್ಟು ಇರುವ ಸಿಗ್ನಲ್) ಒಂದರ ಜೊತೆ ಅದು ರೇಡಾರಿನ ಸಿಗ್ನಲನ್ನು ಗುಣಿಸಿ, ಕೆಳಗಿನ ಆವರ್ತನಕ್ಕೆ ಇಳಿಸಿ ವಾಪಸ್ ಕೊಡುತ್ತದೆ. (ಚಟ್ನಿಯ ಮಿಕ್ಸಿ ಬೇರೆ ಬಿಡಿ, ಆರ್ಕೆಸ್ಟ್ರಾದವರ ಮಿಕ್ಸರೂ ಇದಲ್ಲ. ಅವರದು ಕೂಡಿಸುತ್ತದೆ, ನಮ್ಮದು ಗುಣಿಸುತ್ತದೆ. ‘ಮಿಶ್ರಕ’ ಅಂದರೂ ಗೊಂದಲ ತೀರದು. ಹಾಗಾಗಿ ಮಿಕ್ಸರ್ ಅಂತಲೇ ಬಿಟ್ಟಿದ್ದೇನೆ.)

ಇಳಿಸುವಾಗ ಸಿಗ್ನಲ್ ಸೊರಗುತ್ತದೆ. 40 ಡಿಬಿ (ಡೆಸಿಬೆಲ್) ಸೊರಗಿದರೆ, ಪರದೆಯಲ್ಲಿ ಮೈನಸ್ 50 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಬಲ) ಕಂಡದ್ದು ನಿಜಕ್ಕೂ ಮೈನಸ್ 10. ಈ ಸೊರಗು ಎಲ್ಲ ಆವರ್ತನದಲ್ಲೂ ಒಂದೇ ಇರುವುದಿಲ್ಲ. ಅದಕ್ಕೆ ಮೊದಲು ಒಂದು ಸಿಗ್ನಲನ್ನು ಅದರ ಬಲ ಅಳೆಯುವ ಪವರ್ ಮೀಟರಿಗೆ ಕೊಟ್ಟು ಬರೆದುಕೊಳ್ಳುತ್ತೇವೆ. ಅದನ್ನೇ ಮಿಕ್ಸರಿಗೆ ಕೊಟ್ಟು ಪರದೆ ಏನು ಹೇಳುತ್ತದೆ ನೋಡುತ್ತೇವೆ. ವ್ಯತ್ಯಾಸ ಬರೆಯುತ್ತೇವೆ. ಆವರ್ತನ ಬದಲಿಸಿ ಮತ್ತೆ, ಮತ್ತೆ. ಆ ಪಟ್ಟಿಯನ್ನು ಅನಲೈಸರಿಗೆ ತುಂಬಿದರೆ ಮುಗಿಯಿತು. ಆದರೆ ಕೇಬಲ್ ಬದಲಿಸಿದರೆ ಪಟ್ಟಿ ಹಳಸುತ್ತದೆ. ಇಷ್ಟೇ ಕ್ಯಾಲಿಬ್ರೇಷನ್. ಮಿಕ್ಸರಿನಲ್ಲಿ ಏನನ್ನೂ ತಿರುಗಿಸುವುದಿಲ್ಲ.

ಮೊದಲ ಕರಡಿನಲ್ಲಿ ನಾನು ‘ಮಿಕ್ಸರನ್ನು ಸರಿಹೊಂದಿಸಿ’ ಅಂತ ಬರೆದಿದ್ದೆ. ಒಬ್ಬ ಹುಡುಗ ಅದನ್ನು ಓದಿ, ಅಲೆನ್ ಕೀ ಹಿಡಿದು, ಫ್ಲಾಂಜಿನ (ಮಿಕ್ಸರಿನ ಕಿಂಡಿಯನ್ನು ಬಿಗಿಯಾಗಿ ಜೋಡಿಸುವ ಅಂಚು) ನಾಲ್ಕೂ ಸ್ಕ್ರೂಗಳನ್ನು ಕಾಲು ಕಾಲು ಸುತ್ತು ಸಡಿಲಿಸುತ್ತಾ ಪರದೆ ನೋಡುತ್ತಿದ್ದ. ಗೆರೆ ಕುಣಿಯುತ್ತಿತ್ತು. “ಹೊಂದ್ತಾ ಇದೆ ಸಾರ್” ಅಂದ. ಅವನನ್ನು ಬೈಯುವುದು ಹೇಗೆ? ಹೊಂದಿಸು ಅಂದವನು ನಾನೇ ಅಲ್ವಾ.

ಅಂತರರಾಷ್ಟ್ರೀಯ ಮಾಪನ ಪದಕೋಶದ 2012ರ ಆವೃತ್ತಿಯೂ ಇದನ್ನೇ ಎಚ್ಚರಿಸುತ್ತದೆ: ಕ್ಯಾಲಿಬ್ರೇಷನ್ ಬೇರೆ, ಅಡ್ಜಸ್ಟ್‌ಮೆಂಟ್ ಬೇರೆ. ಹಾಗಾಗಿ ಸರಿಪಡಿಸು, ಸರಿತೂಗಿಸು, ಹೊಂದಿಸು ಎಲ್ಲ ಹೊರಗೆ. ‘ಮಾಪನಾಂಕ ನಿರ್ಣಯ’ ಇದೆ. ತಪ್ಪಲ್ಲ, ಆದರೆ “ಮಾಪನಾಂಕ ನಿರ್ಣಯ ಮಾಡ್ದಾ?” ಅಂತ ಯಾರೂ ಯಾರನ್ನೂ ಕೇಳುವುದಿಲ್ಲ.

ನನಗೆ ಮೊದಲು ಹೊಳೆದದ್ದು ‘ಒರೆ ಹಚ್ಚು’. ನಗರ್ತಪೇಟೆಯ ಅಕ್ಕಸಾಲಿಗರು ಒರೆಗಲ್ಲಿನ ಮೇಲೆ ನಮ್ಮ ಚಿನ್ನದ ಗೆರೆ ಎಳೆದು, ಪಕ್ಕದಲ್ಲಿ ಗೊತ್ತಿರುವ ಚಿನ್ನದ ಗೆರೆ ಎಳೆದು ಹೋಲಿಸುತ್ತಾರೆ. ಚಿನ್ನವನ್ನು ತಿದ್ದುವುದಿಲ್ಲ. ಕೆಲಸ ಅಚ್ಚುಕಟ್ಟಾಗಿ ನಮ್ಮದೇ. ಆದರೆ ಈಗ ಒರೆ ಹಚ್ಚುವುದು ಅಂದರೆ ಪಾಸೋ ಫೇಲೋ ಅನ್ನುವ ಪರೀಕ್ಷೆ. ನಮಗೆ ಬೇಕಾದದ್ದು ಅಂಕಿ.

ಸದ್ಯ ನನ್ನ ಓಟು ‘ತಾಳೆ ಹಾಕು’ಗೆ. “ಪವರ್ ಮೀಟರಿನ ಜೊತೆ ಮಿಕ್ಸರನ್ನು ತಾಳೆ ಹಾಕಿ” ಅಂದರೆ ಯಾರೂ ಸ್ಕ್ರೂ ಮುಟ್ಟಲಾರರು. ಬರೆದಿಟ್ಟ ಪಟ್ಟಿಯನ್ನು ‘ತಾಳೆಪಟ್ಟಿ’ ಅಂತಲೂ ಕರೆದೆ. ಬಿ.ಕಾಂ. ಓದುವ ಮಗಳು ಅದನ್ನು ನೋಡಿ ನಕ್ಕಳು. ಅವಳ ಲೆಕ್ಕಶಾಸ್ತ್ರದಲ್ಲಿ ತಾಳೆಪಟ್ಟಿ ಅಂದರೆ ಟ್ರಯಲ್ ಬ್ಯಾಲೆನ್ಸ್! ಅಲ್ಲಿ ಎರಡು ಕಡೆಯೂ ಸಮ ಬರಬೇಕು, ನಮ್ಮಲ್ಲಿ ಎಷ್ಟು ಸಮ ಬರಲಿಲ್ಲ ಅನ್ನುವುದೇ ಪಟ್ಟಿ.

ಪಟ್ಟಿಗೆ ‘ಸೊರಗುಪಟ್ಟಿ’ ಅನ್ನಬಹುದಾ? ಕಿವಿಗೆ ವಿಚಿತ್ರ ಅನಿಸುತ್ತಾ? ತಕ್ಕಡಿ, ಬಟ್ಟು, ಸೇರು, ಪಾವುಗಳ ಅಳತೆಯನ್ನು ಇನ್ನೊಂದರ ಜೊತೆ ನೋಡಿ ಗುರುತಿಡುವುದಕ್ಕೆ ನಿಮ್ಮ ಊರಿನಲ್ಲಿ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ. ಹೊಸ ಬ್ಯಾಚ್ ಬರುವ ಮೊದಲು ಕೈಪಿಡಿ ತಿದ್ದಬೇಕು.